ಮಕ್ಕಳ ಕೈಗೆ ಐಸ್ ಕೊಡಬಹುದೆ?

ಬೇಸಿಗೆ ರಜೆ ಬಂತೆಂದರೆ ಮನೆಯ ಫ್ರಿಜ್‌ಗೆ ಬಿಡುವಿಲ್ಲ. ಮೂರು ವರ್ಷದ ಮಗು ಅದರ ಬಾಗಿಲಿಗೆ ಜೋತುಬಿದ್ದು 'ಐಸ್ ಕೊಡು' ಎಂದು ಹಟ ಹಿಡಿಯುತ್ತದೆ. ತಾಯಿ ಒಂದು ತುಂಡು ಕೈಗಿಡುವಷ್ಟರಲ್ಲಿ ನಡುಮನೆಯಿಂದ ಅಜ್ಜಿಯ ದನಿ: "ಬೇಡ್ವೇ, ಕೊಡಬೇಡ! ರಾತ್ರಿಯೆಲ್ಲ ಮೂಗು ಕಟ್ಟಿಕೊಂಡು ಒದ್ದಾಡತ್ತೆ ಮಗು." ತಾಯಿ ತುಂಡನ್ನು ಕಿತ್ತುಕೊಳ್ಳುತ್ತಾಳೆ. ಮಗು ಅಳುತ್ತದೆ. ಕೊನೆಗೆ ಅಜ್ಜಿಯೇ ಎತ್ತಿಕೊಂಡು ಸಮಾಧಾನ ಮಾಡಬೇಕಾಗುತ್ತದೆ.

ಅಜ್ಜಿ ಹೆದರಿದ್ದು ನೆಗಡಿಗೆ. ಆದರೆ ಆ ಪುಟ್ಟ ತುಂಡಿನಲ್ಲಿ ಹೆದರಬೇಕಾದ ಸಂಗತಿ ಬೇರೆಯೇ ಇತ್ತು. ಫ್ರಿಜ್‌ನ ಅಚ್ಚಿನಿಂದ ಬಂದ ಆ ತುಂಡು ಮೂರು ವರ್ಷದ ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳಲು ತಕ್ಕ ಗಾತ್ರದ್ದು. ಅಂದರೆ ತಾಯಿ ಕಿತ್ತುಕೊಂಡಿದ್ದು ಸರಿ, ಕಾರಣ ಮಾತ್ರ ತಪ್ಪು. ಕಾರಣ ತಿಳಿದುಕೊಂಡರೆ ಇನ್ನೊಂದು ಲಾಭವಿದೆ. ಐಸನ್ನು ಪೂರ್ತಿ ದೂರ ಇಡದೆ, ಅದರಿಂದಲೇ ಮಗುವಿಗೆ ಒಳ್ಳೆಯ ಆಟ ಆಡಿಸಬಹುದು.

ನೆಗಡಿ ಎಲ್ಲಿಂದ ಬರುತ್ತದೆ?

ನೆಗಡಿ ಬರುವುದು ವೈರಾಣುಗಳಿಂದ. ಇವುಗಳಲ್ಲಿ ಮುಖ್ಯವಾದದ್ದು ರೈನೋವೈರಸ್. ಇದರಲ್ಲಿಯೇ ನೂರೈವತ್ತಕ್ಕೂ ಹೆಚ್ಚು ಬಗೆಗಳಿವೆ. ಒಂದು ಬಗೆಯ ನೆಗಡಿ ವಾಸಿಯಾದರೆ ಇನ್ನೊಂದು ಬಗೆಯದು ಬರಲು ಅಡ್ಡಿಯಿಲ್ಲ. ಆದ್ದರಿಂದಲೇ ಐದು ವರ್ಷದೊಳಗಿನ ಆರೋಗ್ಯವಂತ ಮಗುವಿಗೂ ವರ್ಷಕ್ಕೆ 6ರಿಂದ 8 ಬಾರಿ ನೆಗಡಿ ಬರುವುದು ಸಾಮಾನ್ಯ. ಸೀನಿದವರ ಮೂಗಿನಿಂದ, ಅವರು ಮುಟ್ಟಿದ ಕೈಯಿಂದ, ಆಟಿಕೆಯಿಂದ ವೈರಾಣು ಮಗುವಿನ ಮೂಗು-ಕಣ್ಣುಗಳನ್ನು ಸೇರುತ್ತದೆ. ಶುದ್ಧ ನೀರಿನ ಐಸ್‌ನಲ್ಲಿ ನೆಗಡಿಯ ವೈರಾಣು ಇರುವುದಿಲ್ಲ.

ಹಾಗೆಂದು ಹಿರಿಯರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. 2005ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ನಡೆದ ಒಂದು ಅಧ್ಯಯನದಲ್ಲಿ 90 ಮಂದಿ ತಮ್ಮ ಪಾದಗಳನ್ನು 20 ನಿಮಿಷ ತಣ್ಣೀರಿನಲ್ಲಿ ಇಟ್ಟುಕೊಂಡರು. ಇನ್ನು 90 ಮಂದಿ ನೀರಿಲ್ಲದ ಪಾತ್ರೆಯಲ್ಲಿ ಪಾದ ಇಟ್ಟುಕೊಂಡರು. ಮುಂದಿನ ನಾಲ್ಕೈದು ದಿನಗಳಲ್ಲಿ ನೆಗಡಿಯಾಯಿತೆಂದವರು ಮೊದಲ ಗುಂಪಿನಲ್ಲಿ ಹೆಚ್ಚು. ಮೂಗಿನಲ್ಲಿ ಆಗಲೇ ಹೊಕ್ಕು ಸುಮ್ಮನಿದ್ದ ವೈರಾಣು, ಮೈ ತಣ್ಣಗಾದಾಗ ತಲೆಯೆತ್ತಿರಬಹುದು ಎಂಬುದು ಅವರ ವಿವರಣೆ. ಇದರಿಂದ ನಾವು ಕಲಿಯಬೇಕಾದದ್ದು ಇಷ್ಟೆ: ಮಗುವಿನ ಕೈ ತಣ್ಣಗಾಗಲಿ, ಮೈ ತಣ್ಣಗಾಗುವುದು ಬೇಡ. ಒದ್ದೆ ಅಂಗಿಯಲ್ಲಿ ಫ್ಯಾನಿನ ಕೆಳಗೆ ಗಂಟೆಗಟ್ಟಲೆ ಕೂರಿಸಬಾರದು. ಆಟ ಮುಗಿದ ಕೂಡಲೇ ಕೈಕಾಲು ಒರೆಸಿ ಒಣಬಟ್ಟೆ ಹಾಕಿದರೆ ಅಜ್ಜಿಯ ಮಾತನ್ನೂ ಉಳಿಸಿದಂತೆ, ಮಗುವಿನ ಆಟವನ್ನೂ ಉಳಿಸಿದಂತೆ.

ಆಟದಿಂದ ಏನು ಲಾಭ?

ಪುಟ್ಟ ಮಕ್ಕಳು ಕಲಿಯುವುದು ಕಿವಿಗಿಂತ ಹೆಚ್ಚಾಗಿ ಕೈಯಿಂದ. ಇದನ್ನು ಒತ್ತಿ ಹೇಳಿದವರಲ್ಲಿ ಇಟಲಿಯ ವೈದ್ಯೆ ಮರಿಯಾ ಮಾಂಟೆಸರಿ (1870-1952) ಪ್ರಮುಖರು. 1939ರಲ್ಲಿ ಅವರು ಮದ್ರಾಸಿನ ಅಡ್ಯಾರ್‌ಗೆ ಬಂದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಇಂದು ನಮ್ಮ ಊರುಗಳಲ್ಲಿರುವ 'ಮಾಂಟೆಸರಿ' ಶಾಲೆಗಳ ಹೆಸರು ಬಂದದ್ದು ಅವರಿಂದಲೇ. ಮುಟ್ಟಿ ಬಿಸಿ-ತಣುಪಿನ ವ್ಯತ್ಯಾಸ ತಿಳಿಯುವ ಸಾಮಗ್ರಿಯೂ ಅವರ ಪದ್ಧತಿಯಲ್ಲಿದೆ.

ಈ ಕಲಿಕೆಗೆ ಐಸ್‌ಗಿಂತ ಅಗ್ಗದ ಸಾಮಗ್ರಿ ಇಲ್ಲ. ಜಾರುವ ಗಡ್ಡೆಯನ್ನು ಹಿಡಿಯಲು ಬೆರಳುಗಳು ಬಿಗಿಯಬೇಕು. ಚಮಚದಿಂದ ನೀರು ಹೊಯ್ಯಲು ಮಣಿಕಟ್ಟು ತಿರುಗಬೇಕು. ಫಿಲ್ಲರ್ ಒತ್ತಲು ಹೆಬ್ಬೆರಳು, ತೋರುಬೆರಳು ಕೂಡಿ ಕೆಲಸ ಮಾಡಬೇಕು. ಮುಂದೆ ಗುಂಡಿ ಹಾಕಲು, ತುತ್ತು ಕಲಸಲು, ಪೆನ್ಸಿಲ್ ಹಿಡಿಯಲು ಬೇಕಾಗುವುದು ಇದೇ ಪಳಗಿದ ಬೆರಳುಗಳು. ಜೊತೆಗೆ ಮಾತೂ ಬೆಳೆಯುತ್ತದೆ. ತಣ್ಣಗೆ, ಗಟ್ಟಿ, ನುಣುಪು, ಜಾರು, ಕರಗು, ತೇಲು, ತೊಟ್ಟಿಕ್ಕು - ಈ ಪದಗಳನ್ನು ಪುಸ್ತಕದ ಚಿತ್ರ ತೋರಿಸಿ ಕಲಿಸುವುದಕ್ಕಿಂತ ಕೈಗೆ ಕೊಟ್ಟು ಕಲಿಸುವುದು ಸುಲಭ. ಮೊಬೈಲ್ ಪರದೆಯ ಮೇಲೆ ಮಗು ಎಷ್ಟು ಬೆರಳಾಡಿಸಿದರೂ ಈ ಅನುಭವ ಸಿಗುವುದಿಲ್ಲ.

ಮೊದಲು ಸಿದ್ಧತೆ

ನೀರು: ಐಸ್ ಮಾಡಲು ಕುದಿಸಿ ಆರಿಸಿದ ಅಥವಾ ಶುದ್ಧೀಕರಿಸಿದ ಕುಡಿಯುವ ನೀರನ್ನೇ ಬಳಸಿ. 'ಆಟಕ್ಕೆ ತಾನೆ' ಎಂದು ನಲ್ಲಿ ನೀರು ತುಂಬಿಸಬೇಡಿ. ಮಗು ನೆಕ್ಕದೆ ಇರುವುದಿಲ್ಲ. ಹೆಪ್ಪುಗಟ್ಟಿದ ಮಾತ್ರಕ್ಕೆ ರೋಗಾಣುಗಳು ಸಾಯುತ್ತವೆ ಎಂಬುದು ತಪ್ಪು ತಿಳಿವಳಿಕೆ. ಭೇದಿ, ವಿಷಮಶೀತ ಜ್ವರ (ಟೈಫಾಯ್ಡ್), ಕಾಮಾಲೆ ತರುವ ರೋಗಾಣುಗಳು ಐಸ್‌ನಲ್ಲಿಯೂ ಬದುಕಿರಬಲ್ಲವು. ಅಂಗಡಿಯಿಂದ, ಮೀನು ಮಾರುವವರಿಂದ ತಂದ ಐಸ್ ಬೇಡವೇ ಬೇಡ. ಅದು ಬಹುಮಟ್ಟಿಗೆ ಸಾಮಾನು ತಣ್ಣಗಿಡಲು ಮಾಡಿದ್ದು, ತಿನ್ನುವುದಕ್ಕಲ್ಲ. ತಿನ್ನಲಾಗದ ಐಸ್ ಎಂದು ಗೊತ್ತಾಗುವಂತೆ ಅದಕ್ಕೆ ನೀಲಿ ಬಣ್ಣ ಬೆರೆಸಬೇಕೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2018ರಲ್ಲಿ ಸೂಚಿಸಿತು.

ಗಾತ್ರ: ಇದೇ ಎಲ್ಲಕ್ಕಿಂತ ಮುಖ್ಯ. ನಾಲ್ಕು ವರ್ಷ ತುಂಬದ ಮಗುವಿಗೆ ಅಚ್ಚಿನ ತುಂಡುಗಳನ್ನು ಕೊಡಬೇಡಿ. ಸ್ಟೀಲ್ ಬಟ್ಟಲಿನಲ್ಲಿ ಅಥವಾ ಊಟದ ಡಬ್ಬಿಯಲ್ಲಿ ನೀರು ತುಂಬಿ ರಾತ್ರಿಯೇ ಫ್ರೀಜರ್‌ನಲ್ಲಿಟ್ಟು, ಮಗುವಿನ ಎರಡು ಕೈಗೂ ಸಿಗುವಂಥ ದೊಡ್ಡ ಗಡ್ಡೆ ಮಾಡಿ. ಅದು ಬಾಯೊಳಗೆ ಹೋಗಲಾರದು. ನೀರು ಗಡ್ಡೆಯಾಗುವಾಗ ಸುಮಾರು ನೂರಕ್ಕೆ 9ರಷ್ಟು ಹಿಗ್ಗುತ್ತದೆ. ಆದ್ದರಿಂದ ಬಟ್ಟಲನ್ನು ಮುಕ್ಕಾಲು ಭಾಗ ಮಾತ್ರ ತುಂಬಿ. ಗಾಜಿನ ಪಾತ್ರೆ ಒಡೆಯುವುದರಿಂದ ಅದು ಬೇಡ. ಆಡುತ್ತ ಆಡುತ್ತ ಗಡ್ಡೆ ಕರಗಿ ನಿಂಬೆಹಣ್ಣಿನಷ್ಟಾದಾಗ ತೆಗೆದುಬಿಡಿ.

ತಣುಪು: ಮನೆಯ ಫ್ರೀಜರ್‌ನ ಒಳಗೆ ಉಷ್ಣತೆ ಸೊನ್ನೆಗಿಂತ ಸುಮಾರು 18 ಡಿಗ್ರಿ ಕೆಳಗಿರುತ್ತದೆ. ಅಲ್ಲಿಂದ ನೇರವಾಗಿ ತೆಗೆದ ಗಡ್ಡೆ ಒದ್ದೆ ಬೆರಳಿಗೆ, ತುಟಿಗೆ, ನಾಲಿಗೆಗೆ ಅಂಟಿಕೊಳ್ಳುತ್ತದೆ. ಹೊರತೆಗೆದು ಐದು ನಿಮಿಷ ಇಟ್ಟು, ಮೇಲೆ ನೀರು ಹೊಯ್ದು, ಗಡ್ಡೆಯ ಮೈ ಒದ್ದೆಯಾಗಿ ಹೊಳೆಯತೊಡಗಿದ ಮೇಲೆ ಕೊಡಿ. ಎಂದಾದರೂ ಅಂಟಿಕೊಂಡರೆ ಎಳೆಯಬೇಡಿ, ಚರ್ಮ ಕಿತ್ತು ಬರುತ್ತದೆ. ಉಗುರುಬೆಚ್ಚಗಿನ ನೀರು ಹೊಯ್ದರೆ ತಾನಾಗಿ ಬಿಡುತ್ತದೆ.

ಸ್ಥಳ: ಬಚ್ಚಲಮನೆಯ ಹೊರಗಿನ ಕಟ್ಟೆ, ಹಿತ್ತಿಲು, ಬಾಲ್ಕನಿ ಅಥವಾ ತಾರಸಿಯ ನೆರಳು ಒಳ್ಳೆಯದು. ಅಗಲವಾದ ತಟ್ಟೆಯ ಕೆಳಗೆ ಹಳೆಯ ಟವೆಲ್ ಹಾಸಿ. ಮೊಸಾಯಿಕ್ ಅಥವಾ ಟೈಲ್ಸ್ ನೆಲದ ಮೇಲೆ ನೀರು ಬಿದ್ದರೆ ಮಗುವಿನ ಜೊತೆ ಅಜ್ಜಿಯೂ ಜಾರಿ ಬೀಳಬಹುದು.

ವಯಸ್ಸಿಗೆ ತಕ್ಕ ಆಟ

ಒಂದೂವರೆಯಿಂದ ಮೂರು ವರ್ಷ - ಗಡ್ಡೆಗೆ ಸ್ನಾನ: ತಟ್ಟೆಯಲ್ಲಿ ದೊಡ್ಡ ಗಡ್ಡೆ ಇಡಿ. ಪಕ್ಕದಲ್ಲಿ ಒಂದು ಲೋಟ ಉಗುರುಬೆಚ್ಚಗಿನ ನೀರು, ಒಂದು ಚಮಚ. ನೀರಿನ ಬಿಸಿಯನ್ನು ನಿಮ್ಮ ಮೊಣಕೈಯಿಂದ ನೋಡಿ. "ಗಡ್ಡೆಗೆ ಸ್ನಾನ ಮಾಡಿಸೋಣವೆ?" ಎಂದರೆ ಸಾಕು. ಮಗು ಹೊಯ್ಯುತ್ತದೆ, ತಟ್ಟುತ್ತದೆ, ತಳ್ಳುತ್ತದೆ. ನೀರು ಬಿದ್ದ ಕಡೆ ಗುಳಿ ಬೀಳುವುದನ್ನು ಕಂಡು ಮತ್ತೆ ಮತ್ತೆ ಅಲ್ಲಿಗೇ ಹೊಯ್ಯುತ್ತದೆ. ಅಡ್ಡ ಬಾಯಿ ಹಾಕಬೇಡಿ.

ಮೂರರಿಂದ ನಾಲ್ಕು ವರ್ಷ - ಗಡ್ಡೆಯೊಳಗಿನ ಹೂವು: ಬಟ್ಟಲಿನ ನೀರಿನಲ್ಲಿ ದಾಸವಾಳ, ಗುಲಾಬಿ, ಒಂದು ಮಾವಿನ ಎಲೆ ಅಥವಾ ನಿಂಬೆಹಣ್ಣಿಗಿಂತ ದೊಡ್ಡದಾದ ಆಟಿಕೆಯನ್ನು ಇಟ್ಟು ಹೆಪ್ಪುಗಟ್ಟಿಸಿ. ಚಮಚ, ಫಿಲ್ಲರ್ ಅಥವಾ ಪಿಚಕಾರಿಯಿಂದ ಬೆಚ್ಚಗಿನ ನೀರು ಬಿಟ್ಟು ಮಗು ಅದನ್ನು ಬಿಡಿಸಲಿ. ತಾಳ್ಮೆ ಕಲಿಸಲು ಇದಕ್ಕಿಂತ ಒಳ್ಳೆಯ ಆಟವಿಲ್ಲ. ಮಣಿ, ಗುಂಡಿ, ಗೋಲಿ, ಹುಣಿಸೆಬೀಜ, ಗುಂಡಿಯಾಕಾರದ ಬ್ಯಾಟರಿ - ಇವನ್ನು ಒಳಗೆ ಹಾಕಲೇಬಾರದು. ಪೂಜೆಗೆ ತಂದ ಹೂವಿನಲ್ಲಿ ಕಣಗಿಲೆ ಇದ್ದರೆ ಅದನ್ನು ಬೇರ್ಪಡಿಸಿ. ಕಣಗಿಲೆಯೂ ದತ್ತೂರಿಯೂ ವಿಷದ ಗಿಡಗಳು.

ನಾಲ್ಕರಿಂದ ಐದು ವರ್ಷ - ಬಣ್ಣದ ಕಡ್ಡಿ: ನೀರಿಗೆ ಬೀಟ್‌ರೂಟ್ ರಸ, ಅರಿಶಿನ ಅಥವಾ ಶಂಖಪುಷ್ಪ ನೆನೆಸಿದ ನೀಲಿ ನೀರು ಬೆರೆಸಿ, ಸಣ್ಣ ಲೋಟಗಳಿಗೆ ಹೊಯ್ದು, ನಡುವೆ ಐಸ್ ಕ್ಯಾಂಡಿಯ ಕಡ್ಡಿ ನಿಲ್ಲಿಸಿ ಹೆಪ್ಪುಗಟ್ಟಿಸಿ. ಕಡ್ಡಿ ಹಿಡಿದು ದಪ್ಪ ಕಾಗದದ ಮೇಲೆ ಅಥವಾ ಅಂಗಳದ ಕಲ್ಲಿನ ಮೇಲೆ ಚಿತ್ರ ಬರೆಯಲಿ. ಶಂಖಪುಷ್ಪದ ನೀಲಿಗೆ ನಿಂಬೆರಸದ ಹನಿ ಬಿದ್ದರೆ ಅದು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಮಕ್ಕಳಿಗೆ ಇದು ಜಾದೂ! ಹೋಳಿಯ ಬಣ್ಣ, ಗೋಡೆಯ ಬಣ್ಣ, ಇಂಕು ಬೇಡ.

ಐದರಿಂದ ಏಳು ವರ್ಷ - ಯಾವುದು ಮೊದಲು ಕರಗುತ್ತದೆ?: ಈಗ ಅಚ್ಚಿನ ತುಂಡು ಕೊಡಬಹುದು, ಬಾಯಿಗಲ್ಲ, ಕೈಗೆ. ಒಂದೇ ಗಾತ್ರದ ಮೂರು ತುಂಡು ತೆಗೆದುಕೊಳ್ಳಿ. ಒಂದು ಸ್ಟೀಲ್ ತಟ್ಟೆಯ ಮೇಲೆ, ಒಂದು ಮರದ ಮಣೆಯ ಮೇಲೆ, ಒಂದು ಉಣ್ಣೆ ಬಟ್ಟೆಯಲ್ಲಿ ಸುತ್ತಿ. ಯಾವುದು ಮೊದಲು ಕರಗುತ್ತದೆಂದು ಮಗುವನ್ನು ಮೊದಲೇ ಕೇಳಿ. ಬಹಳಷ್ಟು ಮಕ್ಕಳು 'ಉಣ್ಣೆಯಲ್ಲಿರುವುದು, ಅಲ್ಲಿ ಬೆಚ್ಚಗಿದೆ' ಎನ್ನುತ್ತಾರೆ. ಆಗುವುದು ಬೇರೆ. ಮುಟ್ಟಿದರೆ ತಣ್ಣಗಿರುವ ಸ್ಟೀಲ್ ತಟ್ಟೆಯ ಮೇಲಿನದೇ ಬೇಗ ಕರಗುತ್ತದೆ, ಉಣ್ಣೆಯೊಳಗಿನದು ಕೊನೆಗೆ. ಲೋಹ ಹೊರಗಿನ ಶಾಖವನ್ನು ಐಸ್‌ಗೆ ಬೇಗ ಮುಟ್ಟಿಸುತ್ತದೆ, ಉಣ್ಣೆ ತಡೆಯುತ್ತದೆ. ಹಿಂದೆ ಐಸ್ ಮಾರುವವರು ಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಹೂತು ಗೋಣಿತಾಟು ಸುತ್ತುತ್ತಿದ್ದುದು ಏಕೆಂದು ಆಗ ಹೇಳಿ. ಇನ್ನೊಂದು ಪ್ರಶ್ನೆ: ಲೋಟದಲ್ಲಿ ಐಸ್ ತೇಲಿಬಿಟ್ಟು, ನೀರಿನ ಮಟ್ಟಕ್ಕೆ ಹೊರಗಿನಿಂದ ದಾರ ಕಟ್ಟಿ. ಕರಗಿದ ಮೇಲೆ ನೀರು ದಾರಕ್ಕಿಂತ ಮೇಲೇರುತ್ತದೆಯೆ? ಇಲ್ಲ, ಅಲ್ಲಿಯೇ ನಿಲ್ಲುತ್ತದೆ. ಉತ್ತರ ನೀವು ಹೇಳದೆ ಮಗುವೇ ಕಾದು ನೋಡಲಿ.

ಫ್ರಿಜ್ ಇಲ್ಲದ ಮನೆಯಲ್ಲಿ ಮಣ್ಣಿನ ಹೊಸ ಮಡಕೆಯೇ ಸಾಕು. ಮಡಕೆಯ ನೀರು, ಬಿಸಿಲಿನಲ್ಲಿಟ್ಟ ಸ್ಟೀಲ್ ಚೊಂಬಿನ ನೀರು, ಎರಡನ್ನೂ ಮುಟ್ಟಿ ನೋಡಲಿ. ಮಡಕೆಯ ಹೊರಮೈ ಬೆವರಿದಂತೆ ಒದ್ದೆಯಾಗುವುದನ್ನೂ, ಅದರಿಂದಲೇ ನೀರು ತಂಪಾಗುವುದನ್ನೂ ತೋರಿಸಿ.

ಎಷ್ಟು ಹೊತ್ತು?

ಹತ್ತರಿಂದ ಹದಿನೈದು ನಿಮಿಷ ಸಾಕು. ಬೆರಳು ಕೆಂಪಾಗುವುದು ಸಹಜ. ತಣುಪಿಗೆ ಕುಗ್ಗಿದ ರಕ್ತನಾಳಗಳು ಮತ್ತೆ ಹಿಗ್ಗುವುದರಿಂದ ಹಾಗಾಗುತ್ತದೆ. ಆದರೆ ಬೆರಳು ಬಿಳಿಚಿಕೊಂಡರೆ, ಜೋಮು ಹಿಡಿದರೆ, ನೋವೆಂದು ಮಗು ಹೇಳಿದರೆ ಆಟ ನಿಲ್ಲಿಸಿ ಕೈಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ. ತಿಕ್ಕಬೇಡಿ, ಒಲೆಗೆ ಹಿಡಿಯಬೇಡಿ. ಗಡ್ಡೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು 'ಯಾರು ಹೆಚ್ಚು ಹೊತ್ತು' ಎಂಬ ಪಂಥ ಕಟ್ಟಲು ಬಿಡಬೇಡಿ. ಇನ್ನು ಐಸ್‌ಗೆ ಉಪ್ಪು ಬೆರೆಸಿದರೆ ಉಷ್ಣತೆ ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗೆ ಇಳಿಯಬಲ್ಲದು. ಅದನ್ನು ಚರ್ಮಕ್ಕೆ ಒತ್ತಿದರೆ ಕೆಲವೇ ನಿಮಿಷಗಳಲ್ಲಿ ಬೆಂಕಿ ತಗುಲಿದಂತೆ ಬೊಬ್ಬೆ ಏಳುತ್ತದೆ. ಮನೆಯ ದೊಡ್ಡ ಮಕ್ಕಳಿಗೆ ಇದನ್ನು ವಿವರವಾಗಿ ತಿಳಿಸಿ.

ಹೊಗೆಯಾಡುವ 'ಡ್ರೈ ಐಸ್' ನೀರಿನಿಂದ ಆದದ್ದಲ್ಲ, ಅದು ಗಟ್ಟಿಯಾದ ಇಂಗಾಲದ ಡೈಆಕ್ಸೈಡ್. ಅದರ ಉಷ್ಣತೆ ಸೊನ್ನೆಗಿಂತ 78 ಡಿಗ್ರಿ ಕೆಳಗೆ. 2024ರ ಮಾರ್ಚ್‌ನಲ್ಲಿ ಗುರುಗ್ರಾಮದ ಹೋಟೆಲೊಂದರಲ್ಲಿ ಊಟದ ನಂತರ ಅದನ್ನು ಬಾಯಿಗೆ ಹಾಕಿಕೊಂಡ ಐವರು ರಕ್ತ ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದರು. ಅವರು ದೊಡ್ಡವರು. ಐಸ್‌ಕ್ರೀಮ್ ಪೊಟ್ಟಣದ ಜೊತೆ ಇದು ಮನೆಗೆ ಬಂದರೆ ಮಕ್ಕಳ ಕೈಗೆ ಸಿಗದಂತೆ, ಗಾಳಿಯಾಡುವ ಕಡೆ ಇಟ್ಟು ತಾನಾಗಿ ಆವಿಯಾಗಲು ಬಿಡಿ.

ಆಟ ಮುಗಿದ ತಕ್ಷಣ ತಟ್ಟೆ, ಬಕೆಟ್, ಟಬ್‌ಗಳಲ್ಲಿನ ನೀರು ಚೆಲ್ಲಿ. ಕೆಲವೇ ಅಂಗುಲ ನೀರಿನಲ್ಲಿಯೂ ತೆವಳುವ, ತಪ್ಪುಹೆಜ್ಜೆ ಇಡುವ ಮಗು ಮುಳುಗಬಹುದು. ಫೋನ್ ಬಂತೆಂದು ಒಳಗೆ ಹೋಗುವುದಾದರೆ ಮಗುವನ್ನು ಎತ್ತಿಕೊಂಡೇ ಹೋಗಿ.

ಗಂಟಲಲ್ಲಿ ಸಿಕ್ಕಿದರೆ

'ಐಸ್ ತಾನೆ, ಕರಗಿಹೋಗುತ್ತದೆ' ಎಂದು ಕಾಯುವಂತಿಲ್ಲ. ಗಡ್ಡೆ ಕರಗುವ ಮೊದಲೇ ಮೆದುಳಿಗೆ ಆಮ್ಲಜನಕ ನಿಂತುಹೋಗಬಹುದು.

ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ, ಅದೇ ಒಳ್ಳೆಯ ಉಪಾಯ. ಕೆಮ್ಮಲಾರದೆ, ಅಳಲಾರದೆ, ದನಿ ಹೊರಡದೆ ಮುಖ ನೀಲಿಯಾಗುತ್ತಿದ್ದರೆ ಒಬ್ಬರು 108ಕ್ಕೆ ಫೋನ್ ಮಾಡಿ, ಇನ್ನೊಬ್ಬರು ಹೀಗೆ ಮಾಡಬೇಕು:

ಒಂದು ವರ್ಷ ದಾಟಿದ ಮಗುವನ್ನು ಮುಂದಕ್ಕೆ ಬಗ್ಗಿಸಿ, ಬೆನ್ನಿನ ಮೇಲೆ ಎರಡು ಹೆಗಲಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಬಾರಿ ಗಟ್ಟಿಯಾಗಿ ಬಡಿಯಿರಿ. ಹೊರಬರದಿದ್ದರೆ ಮಗುವಿನ ಹಿಂದೆ ಮಂಡಿಯೂರಿ, ಹೊಕ್ಕುಳಿನ ಸ್ವಲ್ಪ ಮೇಲೆ ಮುಷ್ಟಿಯಿಟ್ಟು, ಇನ್ನೊಂದು ಕೈಯಿಂದ ಅದನ್ನು ಹಿಡಿದು, ಒಳಕ್ಕೂ ಮೇಲಕ್ಕೂ ಒಮ್ಮೆಗೇ 5 ಬಾರಿ ಒತ್ತಿ. ಎರಡನ್ನೂ ಒಂದಾದ ಮೇಲೆ ಒಂದರಂತೆ ಮುಂದುವರಿಸಿ.

ಒಂದು ವರ್ಷದೊಳಗಿನ ಕೂಸನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿನಲ್ಲಿರಲಿ, ಬೆನ್ನಿಗೆ 5 ಬಾರಿ ಬಡಿಯಿರಿ. ಆಮೇಲೆ ಅಂಗಾತ ತಿರುಗಿಸಿ ಎದೆಯ ನಡುಮೂಳೆಯನ್ನು 5 ಬಾರಿ ಒತ್ತಿ. ಇಷ್ಟು ಎಳೆಯ ಕೂಸಿನ ಹೊಟ್ಟೆ ಒತ್ತಬಾರದು.

ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಬೇಡಿ, ಇನ್ನೂ ಆಳಕ್ಕೆ ಹೋಗುತ್ತದೆ. ನೀರು ಕುಡಿಸಬೇಡಿ. ನೆತ್ತಿ ತಟ್ಟುವುದರಿಂದ ಪ್ರಯೋಜನವಿಲ್ಲ. ಮಗು ಪ್ರಜ್ಞೆ ತಪ್ಪಿದರೆ ಎದೆ ಒತ್ತುವ ಪ್ರಥಮ ಚಿಕಿತ್ಸೆ ಆರಂಭಿಸಬೇಕು. ಇದನ್ನು ಓದಿ ಕಲಿಯುವುದಕ್ಕಿಂತ ಬಲ್ಲವರಿಂದ ಕೈಯಾರೆ ಕಲಿತಿರುವುದು ಮೇಲು. ಹೊಟ್ಟೆ ಒತ್ತಿ ತೆಗೆದಿದ್ದರೆ ಮಗು ಚೆನ್ನಾಗಿ ಕಂಡರೂ ಒಮ್ಮೆ ವೈದ್ಯರಿಗೆ ತೋರಿಸಿ.

ಯಾರಿಗೆ ಈ ಆಟ ಬೇಡ?

ತಣ್ಣನೆಯ ವಸ್ತು ಮುಟ್ಟಿದ ಕಡೆ ತುರಿಕೆಯ ದದ್ದು ಏಳುವ ಮಕ್ಕಳಿದ್ದಾರೆ. ಇದು ಶೀತದ ಒಗ್ಗದಿಕೆ. ಅಂಥವರಿಗೆ ಐಸ್ ಬೇಡ, ವೈದ್ಯರಿಗೆ ತೋರಿಸಿ. ಕುಡಗೋಲು ಕಣದ ರಕ್ತಹೀನತೆ (ಸಿಕಲ್ ಸೆಲ್) ಇರುವ ಮಕ್ಕಳಿಗೆ ತಣುಪಿನಿಂದ ತೀವ್ರ ನೋವು ಕಾಣಿಸಿಕೊಳ್ಳಬಹುದು, ಅವರಿಗೂ ಬೇಡ. ಕೈಯಲ್ಲಿ ಗಾಯ, ಕಜ್ಜಿ, ಒಡಕು ಇದ್ದರೆ ವಾಸಿಯಾಗುವವರೆಗೆ ಕಾಯಿರಿ. ಜ್ವರ ಬಂದ ಮಗುವಿಗೆ ಆಟವೂ ಬೇಡ, ಐಸ್‌ನಿಂದ ಮೈ ಒರೆಸುವುದೂ ಬೇಡ. ನಡುಕ ಬಂದು ಮಗು ಇನ್ನಷ್ಟು ಬಳಲುತ್ತದೆ.

ಕೊನೆಯದಾಗಿ ಒಂದು ಮಾತು. ಆಟದ ನಡುವೆ ಒಮ್ಮೆ ನೆಕ್ಕುವುದು ಬೇರೆ, ದಿನವೂ ಕದ್ದು ಫ್ರೀಜರ್ ತೆರೆದು ಕಟಕಟನೆ ಐಸ್ ಕಡಿಯುವುದು ಬೇರೆ. ಐಸ್ ತಿನ್ನಲೇಬೇಕೆಂಬ ಈ ಹಂಬಲ ಕಬ್ಬಿಣಾಂಶದ ಕೊರತೆಯ ಲಕ್ಷಣವಾಗಿರಬಹುದು. ಮಣ್ಣು, ಬಳಪ, ಸುಣ್ಣ ತಿನ್ನುವ ಮಕ್ಕಳಂತೆಯೇ ಇದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಆರು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆ ಇತ್ತು. ಆದ್ದರಿಂದ ಬೈದು ಬಿಡಿಸುವ ಬದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಕೊರತೆಯಿದ್ದರೆ ವೈದ್ಯರು ಹೇಳಿದ ಔಷಧಿ, ಜೊತೆಗೆ ಸೊಪ್ಪು, ಬೇಳೆ-ಕಾಳು, ಮೊಟ್ಟೆ-ಮಾಂಸ ತಿನ್ನುವವರಾದರೆ ಅವೂ ಬೇಕು. ಕೊರತೆ ನೀಗಿದರೆ ಐಸ್ ಕಡಿಯುವ ಚಟವೂ ಬಿಟ್ಟುಹೋಗುತ್ತದೆ.

ನಾಳೆ ಮಗು ಮತ್ತೆ ಫ್ರಿಜ್ ಬಾಗಿಲಿಗೆ ಜೋತುಬಿದ್ದಾಗ 'ನೆಗಡಿಯಾಗುತ್ತದೆ' ಎನ್ನಬೇಡಿ. ಇಂದು ರಾತ್ರಿಯೇ ಒಂದು ಬಟ್ಟಲು ಕುದಿಸಿ ಆರಿಸಿದ ನೀರಿನಲ್ಲಿ ದಾಸವಾಳವೊಂದನ್ನು ಬಿಟ್ಟು ಫ್ರೀಜರ್‌ನಲ್ಲಿಡಿ. ಬೆಳಿಗ್ಗೆ ಅಜ್ಜಿಯನ್ನೂ ತಟ್ಟೆಯ ಪಕ್ಕ ಕೂರಿಸಿ. ಕಾಯುವ ಕಣ್ಣು ಎರಡಿದ್ದಲ್ಲಿ ನಾಲ್ಕಾದರೆ ಮಗುವಿಗೂ ಕ್ಷೇಮ, ನಿಮಗೂ ನಿಶ್ಚಿಂತೆ.